ಪ್ರಾಸ ನಂಬಬೇಡಿ, ಆರ್ಟಿಕಲ್ ನೋಡಿ

ಸರ್, ನಮ್ಮ ಇಟಾಲಿಯನ್ ಕಲಿಯುವವರ ಗುಂಪಿನಲ್ಲಿ ಬೆಳಿಗ್ಗೆ ನೀವು ಹಾಕಿದ ಪಟ್ಟಿ ನೋಡಿದೆ. "ನಾಮಪದದ ಕೊನೆಗೆ ಯಾವ ಸ್ವರ ಇದೆಯೋ ಗುಣವಾಚಕದ ಕೊನೆಗೂ ಅದನ್ನೇ ಹಾಕಿ, ಪ್ರಾಸ ಕೂಡಿದರೆ ಸರಿ" ಅಂತ ಬರೆದಿದ್ದೀರಿ. ಉದಾಹರಣೆಗೆ ಲಾ ಮಾನೊ ಫ್ರೆದ್ದೊ, ಇಲ್ ಪ್ರೊಬ್ಲೆಮಾ ಸೇರಿಯಾ, ಲಾ ಕ್ಯಾವೆ ನ್ವೊವೆ. ಮೂರೂ ತಪ್ಪು. ಲಾ ಮಾನೊ ಫ್ರೆದ್ದಾ (ತಣ್ಣನೆ ಕೈ), ಇಲ್ ಪ್ರೊಬ್ಲೆಮಾ ಸೇರಿಯೊ (ಗಂಭೀರ ಸಮಸ್ಯೆ), ಲಾ ಕ್ಯಾವೆ ನ್ವೊವಾ (ಹೊಸ ಕೀ) ಆಗಬೇಕು. ಇಷ್ಟು ನೇರವಾಗಿ ಹೇಳುವುದಕ್ಕೆ ಕಾರಣ ಇದೆ. ಇದೇ ಪ್ರಾಸ ನಂಬಿ ನಾನು ಒಂದು ಇಡೀ ವರ್ಷ ಕಳೆದುಕೊಂಡಿದ್ದೇನೆ.

ಇಟಲಿಯ ತೊರಿನೊಗೆ ಬರುವ ಮುಂಚೆ ಬೆಂಗಳೂರಿನಲ್ಲಿ ಕೂತು ಪದ ಕಲಿಯುವ ಕಾರ್ಡ್ ಮಾಡಿಕೊಂಡಿದ್ದೆ. ಪ್ರತಿ ಪದದ ಜೊತೆ ಗ್ರಾಂದೆ, ಅಂದರೆ ದೊಡ್ಡ, ಸೇರಿಸಿದ್ದೆ. ಕ್ಯಾವೆ ಗ್ರಾಂದೆ, ಪೊಂತೆ (ಸೇತುವೆ) ಗ್ರಾಂದೆ, ಫಿಯೋರೆ (ಹೂ) ಗ್ರಾಂದೆ. ಕಿವಿಗೆ ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ! ಆರ್ಟಿಕಲ್, ಅಂದರೆ ನಾಮಪದಕ್ಕೆ ಮೊದಲು ಬಂದು ಲಿಂಗ ತೋರಿಸುವ ಇಲ್, ಲಾ ಥರದ ಪದ, ಬರೆದಿರಲಿಲ್ಲ. ಆದರೆ ಗ್ರಾಂದೆ, ವೆರ್ದೆ (ಹಸಿರು), ಫೆಲೀಚೆ (ಖುಷಿಯ) ಇವೆಲ್ಲ ಎರಡು ರೂಪದ ಪದಗಳು. ಪುಲ್ಲಿಂಗ ಸ್ತ್ರೀಲಿಂಗ ಎರಡಕ್ಕೂ ಒಂದೇ, ಬಹುವಚನಕ್ಕೆ ಮಾತ್ರ 'ಇ'. ಅಂದರೆ ನನ್ನ ಅಷ್ಟೂ ಕಾರ್ಡುಗಳಲ್ಲಿ ಲಿಂಗ ಎಲ್ಲೂ ಕಾಣುತ್ತಿರಲಿಲ್ಲ. ಪದ ಬಂತು ಅಂದುಕೊಂಡೆ, ಅರ್ಧ ಮಾತ್ರ ಬಂದಿತ್ತು.

ಇಲ್ಲಿಗೆ ಬಂದ ಮೇಲೆ ಮನೆಯ ಬೀಗ ಬದಲಾಯಿಸಿದರು. ಹೊಸ ಕೀ ಕೇಳೋಣ ಅಂತ ಓನರ್ ಅಜ್ಜಿಯ ಬಾಗಿಲು ತಟ್ಟಿ "ಇಲ್ ಕ್ಯಾವೆ ನ್ವೊವೊ" ಅಂದೆ. ಅವರು ಗೊಂಚಲಿನಿಂದ ಒಂದೇ ಕೀ ಬಿಡಿಸಿ ನನ್ನ ಮುಖದ ಮುಂದೆ ಎತ್ತಿ ಹಿಡಿದರು. "ಲಾ ಕ್ಯಾವೆ ನ್ವೊವಾ." ನಾನು ಹೇಳುವವರೆಗೂ ಕೊಡಲಿಲ್ಲ. ಆಮೇಲೆ ಇನ್ನೊಂದು ಕೀ ಸೇರಿಸಿ, ಎರಡನ್ನೂ ಝಣಝಣ ಅಲ್ಲಾಡಿಸಿ, "ಲೆ ಕ್ಯಾವಿ ನ್ವೊವೆ." ನೋಡಿ, ನಾಮಪದ 'ಇ' ಕಡೆಗೆ ಹೋಯಿತು, ಗುಣವಾಚಕ 'ಎ' ಕಡೆಗೆ. ಪ್ರಾಸ ಎಲ್ಲಿದೆ? ಅವತ್ತು ರಾತ್ರಿಯೇ ಹಳೆ ಕಾರ್ಡುಗಳನ್ನೆಲ್ಲ ಎಸೆದೆ.

ಈಗ ನನ್ನ ಪದ್ಧತಿ ಇಷ್ಟೇ. ಹೊಸ ನಾಮಪದ ಯಾವುದೇ ಬರಲಿ, ಆರ್ಟಿಕಲ್ ಮತ್ತು ರೊಸ್ಸೊ (ಕೆಂಪು) ಜೊತೆಗೆ ಬರೆದುಕೊಳ್ಳುತ್ತೇನೆ. ಇಲ್ ಪೊಂತೆ ರೊಸ್ಸೊ, ಲಾ ಕ್ಯಾವೆ ರೊಸ್ಸಾ, ಇಲ್ ಪ್ರೊಬ್ಲೆಮಾ ರೊಸ್ಸೊ, ಲಾ ಮಾನೊ ರೊಸ್ಸಾ. ಕಾರ್ಡಿನ ಹಿಂಬದಿಯಲ್ಲಿ ಬಹುವಚನ: ಇ ಪೊಂತಿ ರೊಸ್ಸಿ, ಲೆ ಮಾನಿ ರೊಸ್ಸೆ. ಕೆಂಪು ಸಮಸ್ಯೆ ಅಂದರೇನು ಅಂತ ಕೇಳಬೇಡಿ. ಅರ್ಥ ಮುಖ್ಯ ಅಲ್ಲ. ನಾಲ್ಕು ರೂಪ ಇರುವ ಗುಣವಾಚಕ ಬೇಕು, ಅಷ್ಟೇ. ದಯವಿಟ್ಟು ಬ್ಲು (ನೀಲಿ), ರೋಸಾ (ಗುಲಾಬಿ), ವಿಯೋಲಾ (ನೇರಳೆ) ಹಾಕಿಕೊಳ್ಳಬೇಡಿ, ಅವು ಯಾವುದಕ್ಕೂ ಬದಲಾಗುವುದಿಲ್ಲ. ಎರಡು ಪದದ ಬಣ್ಣವೂ ಹಾಗೇ, ಕಡು ಹಸಿರು ಶೂಗಳು ಸ್ಕಾರ್ಪೆ ವೆರ್ದೆ ಸ್ಕೂರೊ ಅಂತಲೇ ಇರುತ್ತದೆ. ಮಾನೊ ಸ್ತ್ರೀಲಿಂಗ ಅನ್ನುವುದು ಮರೆತರೆ, 1992ರಲ್ಲಿ ಮಿಲಾನೊದಲ್ಲಿ ಶುರುವಾದ ದೊಡ್ಡ ಭ್ರಷ್ಟಾಚಾರ ತನಿಖೆಯ ಹೆಸರು ನೆನಪಿಟ್ಟುಕೊಳ್ಳಿ: ಮಾನಿ ಪುಲೀತೆ, ಶುದ್ಧ ಕೈಗಳು.

ನಮಗೆ ಇದು ಕಷ್ಟ ಆಗುವುದು ಸಹಜ. ಕೆಂಪು ಸೀರೆ, ಕೆಂಪು ಕಾರು, ಕೆಂಪು ಹೂಗಳು, ಕನ್ನಡದಲ್ಲಿ ಕೆಂಪು ಅಲ್ಲಾಡುವುದೇ ಇಲ್ಲ. ಆದರೆ ಹುಡುಗ ದೊಡ್ಡವನು, ಹುಡುಗಿ ದೊಡ್ಡವಳು, ಮನೆ ದೊಡ್ಡದು ಅನ್ನುತ್ತೇವೆ, ಅಲ್ವಾ? ಆ ಹೊಂದಿಸುವ ಅಭ್ಯಾಸ ನಮ್ಮ ಬಾಯಲ್ಲಿ ಆಗಲೇ ಇದೆ. ಇಟಾಲಿಯನ್‌ನಲ್ಲಿ 'ಅದು' ಇಲ್ಲ. ಬೀಗದ ಕೈ ಕೂಡ 'ಅವಳು'. ಹಿಂದಿ ಬಲ್ಲವರು ಬಡಾ, ಬಡೀ, ಬಡೇ ನೆನೆದುಕೊಂಡರೆ ಸ್ವಲ್ಪ ಸಹಾಯ ಆಗುತ್ತದೆ. ಪೂರ್ತಿ ನಂಬಬೇಡಿ. ಹಿಂದಿಯಲ್ಲಿ ಸ್ತ್ರೀಲಿಂಗದ ಬಹುವಚನಕ್ಕೂ ಬಡೀ ಹಾಗೇ ಉಳಿಯುತ್ತದೆ, ಇಲ್ಲಿ ರೊಸ್ಸಾ ಹೋಗಿ ರೊಸ್ಸೆ ಆಗಲೇಬೇಕು. ಲಿಂಗವನ್ನೂ ಅಲ್ಲಿಂದ ತರಬೇಡಿ. ಪುಸ್ತಕಕ್ಕೆ ಹಿಂದಿಯ ಕಿತಾಬ್ ಸ್ತ್ರೀಲಿಂಗ, ಇಟಾಲಿಯನ್‌ನ ಲೀಬ್ರೊ ಪುಲ್ಲಿಂಗ.

ಇನ್ನು ಆಪ್ ವಿಷಯ. ರೆಡಿ ಪದಗಳನ್ನು ಒತ್ತಿ ವಾಕ್ಯ ಜೋಡಿಸುವ ಆಪ್‌ಗಳಲ್ಲಿ ತಿಂಗಳುಗಟ್ಟಲೆ ಕಳೆಯಬೇಡಿ. ಕೊನೆ ಸ್ವರ ಅವರೇ ಹಾಕಿ ಕೊಟ್ಟಿರುತ್ತಾರೆ, ನಿಮ್ಮ ಬೆರಳಿಗೆ ಕೆಲಸವೇ ಇಲ್ಲ. ನನಗೆ ಆಂಕಿ ಅನ್ನುವ ಕಾರ್ಡ್ ಆಪ್ ಸರಿಹೋಯಿತು. ಅದರಲ್ಲಿ ಉತ್ತರ ಟೈಪ್ ಮಾಡುವ ಹಾಗೆ ಕಾರ್ಡ್ ಮಾಡಬಹುದು, ಒಂದು ಸ್ವರ ತಪ್ಪಿದರೂ ತೋರಿಸುತ್ತದೆ. ಲಿಂಗ ಸಂಶಯ ಬಂದರೆ ತ್ರೆಕ್ಕಾನಿ ವೆಬ್‌ಸೈಟಿನ ನಿಘಂಟು ನೋಡಿ. ಸುಮ್ನೆ ಊಹೆ ಮಾಡಿ ಗುಂಪಿನಲ್ಲಿ ಹಾಕಬೇಡಿ.

ಮೊಟ್ಟೆ ಬಗ್ಗೆ ಎಚ್ಚರ. ಒಂದಾದರೆ ಪುಲ್ಲಿಂಗ, ಉವೋವೊ ಫ್ರೆಸ್ಕೊ. ಆರಾದರೆ ಸ್ತ್ರೀಲಿಂಗ, ಸೇಯಿ ಉವೋವಾ ಫ್ರೆಸ್ಕೆ. ಬೆರಳು, ತೋಳುಗಳೂ ಹೀಗೇ: ಇಲ್ ದೀತೊ, ಲೆ ದೀತಾ, ಇಲ್ ಬ್ರಾಚ್ಯೊ, ಲೆ ಬ್ರಾಚ್ಯಾ. ಇವಕ್ಕೆ ಕಾರ್ಡಿನ ಎರಡೂ ಬದಿ ಕಡ್ಡಾಯ. 'ಕೊ'ದಲ್ಲಿ ಮುಗಿಯುವ ಗುಣವಾಚಕಗಳು ಸ್ತ್ರೀಲಿಂಗ ಬಹುವಚನದಲ್ಲಿ ಯಾವಾಗಲೂ 'ಕೆ'. ಪುಲ್ಲಿಂಗದಲ್ಲಿ ಒತ್ತು ಎಲ್ಲಿ ಬೀಳುತ್ತದೆ ಅಂತ ಕೇಳಿಸಿಕೊಳ್ಳಿ: ಕೊನೆಯಿಂದ ಎರಡನೇ ಅಕ್ಷರದ ಮೇಲೆ ಬಿದ್ದರೆ ಸಾಮಾನ್ಯವಾಗಿ 'ಕಿ', ಅದಕ್ಕೂ ಮುಂಚೆ ಬಿದ್ದರೆ 'ಚಿ'. ತೆದೆಸ್ಕೊ ಹೋಗಿ ತೆದೆಸ್ಕಿ, ಸಿಂಪಾತಿಕೊ ಹೋಗಿ ಸಿಂಪಾತಿಚಿ. ಕೆಲವು ಪದಗಳು ಈ ಲೆಕ್ಕ ಮುರಿಯುತ್ತವೆ, ಗ್ರೇಕೊ ಗ್ರೇಚಿ ಆಗುತ್ತದೆ.

ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ನನಗೆ ತುಂಬಾ ಸುಸ್ತು ಅನ್ನುವುದಕ್ಕೆ "ಸೊನೊ ಮೊಲ್ತಾ ಸ್ತಾಂಕಾ" ಅಂತ ಬರೆದಿದ್ದಾರೆ. ಅದೂ ಈ ಪ್ರಾಸದ ಮಗುವೇ. ನಾವು ತುಂಬಾ ನೀರು ಅಂತಲೂ ಅನ್ನುತ್ತೇವೆ, ತುಂಬಾ ಸುಸ್ತು ಅಂತಲೂ ಅನ್ನುತ್ತೇವೆ. ಇಟಾಲಿಯನ್‌ನಲ್ಲಿ ಎರಡು ದಾರಿ. ನೀರಿನ ಮುಂದೆ ಅದು ಗುಣವಾಚಕ, ಹಾಗಾಗಿ ಮೊಲ್ತಾ ಆಕ್ವಾ, ಮೊಲ್ತಿ ಲೀಬ್ರಿ. ಸುಸ್ತಿನ ಮುಂದೆ ಅದು ಬದಲಾಗುವುದಿಲ್ಲ, ಮೊಲ್ತೊ ಸ್ತಾಂಕಾ. ಇನ್ನೊಂದು, ನಾನು ನನ್ನ ತಂಗಿ ಇಬ್ಬರೇ ಇದ್ದರೆ ಸ್ತಾಂಕೆ, ತಮ್ಮ ಒಬ್ಬ ಸೇರಿದರೂ ಸಾಕು, ಸ್ತಾಂಕಿ.

ಬೆಲ್ಲೊ (ಚಂದದ) ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಾಮಪದ ಆದ ಮೇಲೆ ಬಂದರೆ ನಾಲ್ಕು ರೂಪ. ನಾಮಪದಕ್ಕೆ ಮೊದಲು ಬಂದರೆ ಆರ್ಟಿಕಲ್‌ನ ಹಾಗೇ ನಡೆಯುತ್ತದೆ: ಇಲ್ ಇದ್ದಲ್ಲಿ ಬೆಲ್, ಲೊ ಇದ್ದಲ್ಲಿ ಬೆಲ್ಲೊ, ಇ ಇದ್ದಲ್ಲಿ ಬೇಯಿ. ಆರ್ಟಿಕಲ್ ಗಟ್ಟಿ ಇದ್ದವರಿಗೆ ಇದು ಪುಕ್ಕಟೆ.

ಸರ್, ಆ ಪೋಸ್ಟನ್ನು ದಯವಿಟ್ಟು ಎಡಿಟ್ ಮಾಡಿ. ಪರೀಕ್ಷೆಗೆ ಓದುವವರು ಈಗಾಗಲೇ ಸೇವ್ ಮಾಡಿಕೊಳ್ಳುತ್ತಿದ್ದಾರೆ. ನಿಮ್ಮ ಪಟ್ಟಿಯ ನಾಮಪದಗಳನ್ನು ರೊಸ್ಸೊ ಹಾಕಿ ಬರೆದು ಇಲ್ಲೇ ಕೆಳಗೆ ಕಳಿಸಿ. ಸಂಜೆ ಕೆಲಸ ಮುಗಿಸಿ ಬಂದು ಒಂದೊಂದಾಗಿ ನೋಡುತ್ತೇನೆ.