ಓಡಾಟದ ಖರ್ಚಿಗೂ ತೆರಿಗೆಯೇ?

ಪ್ರಶ್ನೆ: ಪೀಣ್ಯದಲ್ಲಿ ಸಿಎನ್‌ಸಿ ಯಂತ್ರ ರಿಪೇರಿ ಮಾಡುವ ನಾಲ್ಕು ಜನರ ಪ್ರೈವೇಟ್ ಲಿಮಿಟೆಡ್ ಕಂಪನಿ ನಮ್ಮದು. ಕೊಯಮತ್ತೂರಿನ ಗಿರಾಕಿಗೆ ಕೆಲಸದ 40,000 ರೂ.ಗೆ ಮಾತ್ರ ಜಿಎಸ್‌ಟಿ ಹಾಕಿ, ಟಿಕೆಟ್, ಲಾಡ್ಜ್, ಊಟದ 9,000 ರೂ.ಗಳನ್ನು ತೆರಿಗೆಯಿಲ್ಲದೆ ಬಿಲ್‌ಗೆ ಸೇರಿಸಿದೆವು. ಇದು ತಪ್ಪು ಎನ್ನುತ್ತಾರೆ ಆಡಿಟರ್. ಗಿರಾಕಿಯಂತೂ ಆ 9,000ದ ಮೇಲೂ ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಹಿಡಿದಿದ್ದಾರೆ. ಲಾಭವೇ ಇಲ್ಲದ ದುಡ್ಡಿಗೆ ತೆರಿಗೆ ಯಾಕೆ?

ಉತ್ತರ: ಆಡಿಟರ್ ಹೇಳಿದ್ದೇ ಸರಿ. ಕೊಯಮತ್ತೂರಿಗೆ ನೀವು ಹೋದದ್ದು ನಿಮ್ಮ ಕೆಲಸ ಮುಗಿಸಲು. ಆ ರೈಲು, ಆ ರೂಮು ಬಳಸಿದ್ದೂ ನೀವೇ. ಹಾಗಾಗಿ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಅದು ನಿಮ್ಮ ಸೇವೆಯ ಬೆಲೆಯ ಭಾಗ. 49,000ಕ್ಕೆ 18% ಅಂದರೆ 8,820 ರೂ. ಐಜಿಎಸ್‌ಟಿ (ಬೇರೆ ರಾಜ್ಯದ ವ್ಯವಹಾರದ ಜಿಎಸ್‌ಟಿ) ಸೇರಿ ಬಿಲ್ 57,820 ರೂ. ಆಗಬೇಕಿತ್ತು. ಬಿಟ್ಟುಹೋದ 1,620 ರೂ.ಗೆ ಈಗ ಡೆಬಿಟ್ ನೋಟ್ (ಹೆಚ್ಚುವರಿ ಮೊತ್ತದ ಬಿಲ್) ಕೊಟ್ಟು, ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ತೋರಿಸಿ, ತಡವಾದ ದಿನಗಳಿಗೆ ವರ್ಷಕ್ಕೆ 18%ರಂತೆ ಬಡ್ಡಿ ಸೇರಿಸಿ ಕಟ್ಟಿ. ಗಿರಾಕಿ ಗೊಣಗಿದರೆ, ಆ 1,620 ಅವರಿಗೆ ಇನ್‌ಪುಟ್ ಕ್ರೆಡಿಟ್ ಆಗಿ (ತಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ) ವಾಪಸ್ ಸಿಗುತ್ತದೆಂದು ನೆನಪಿಸಿ. ನೋಟಿಸ್ ಬರುವವರೆಗೆ ಕಾದರೆ ಆ ಹೊರೆ ನಿಮ್ಮ ಜೇಬಿನ ಮೇಲೇ ಬೀಳಬಹುದು.

‘ಪ್ಯೂರ್ ಏಜೆಂಟ್’ (ಗಿರಾಕಿಯ ಪರವಾಗಿ ಹಣ ಕಟ್ಟಿದವರು) ಎಂದು ಬರೆದರೆ ತೆರಿಗೆ ತಪ್ಪುತ್ತದೆ ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ನಂಬಬೇಡಿ. ಜಿಎಸ್‌ಟಿಯ 33ನೇ ನಿಯಮದ ಆ ವಿನಾಯಿತಿ ಬೇರೆ ಸಂದರ್ಭಕ್ಕೆ: ಗಿರಾಕಿ ಕಟ್ಟಬೇಕಾದ ಸರ್ಕಾರಿ ಶುಲ್ಕದಂಥದ್ದನ್ನು ಅವರ ಒಪ್ಪಿಗೆಯ ಮೇಲೆ ನೀವು ಕಟ್ಟಿ, ಬಿಲ್‌ನಲ್ಲಿ ಬೇರೆ ಸಾಲಿನಲ್ಲಿ ತೋರಿಸಿ, ಅಷ್ಟೇ ಮೊತ್ತ ವಸೂಲು ಮಾಡಿದಾಗ.

ಇನ್ನು 9,000 ಎಂಬ ಅಂಕಿಯನ್ನೇ ಸ್ವಲ್ಪ ಕೆದಕಿ ನೋಡಿ. ದಿನಕ್ಕೆ 7,500 ರೂ. ಮೀರದ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5%. ಲಾಡ್ಜ್ ತಮಿಳುನಾಡಿನಲ್ಲಿದ್ದರೆ ಅವರು ಹಾಕುವುದು ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು ಆ ರಾಜ್ಯದ ಎಸ್‌ಜಿಎಸ್‌ಟಿ (ರಾಜ್ಯದ ಪಾಲು). ಕರ್ನಾಟಕದ ನೋಂದಣಿಯಲ್ಲಿ ಅದರ ಕ್ರೆಡಿಟ್ ಸಿಗದು. 3,200 ರೂಪಾಯಿಯ ರೂಮಿನ ಬಿಲ್ 3,360 ಆದರೆ ಪೂರ್ತಿ 3,360 ನಿಮ್ಮ ಖರ್ಚು, ಅಷ್ಟನ್ನೂ ಬಿಲ್‌ಗೆ ಹಾಕಿ. ವಿಮಾನದ ಎಕಾನಮಿ ಟಿಕೆಟ್‌ನಲ್ಲಿ ಹಾಗಲ್ಲ. ಬುಕ್ ಮಾಡುವಾಗಲೇ ಕಂಪನಿಯ ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಅದರ 5% ಕ್ರೆಡಿಟ್ ನಿಮ್ಮದು. ಆಗ ತೆರಿಗೆ ಕಳೆದ ದರವನ್ನಷ್ಟೇ ಗಿರಾಕಿಗೆ ಹಾಕಬೇಕು. ಬಾಡಿಗೆ ಟ್ಯಾಕ್ಸಿಗೆ ಕ್ರೆಡಿಟ್ ಇಲ್ಲವೇ ಇಲ್ಲ ಎಂದುಕೊಳ್ಳಿ.

ಟಿಡಿಎಸ್ ವಿಷಯದಲ್ಲಿ ಗಿರಾಕಿಯ ತಪ್ಪಿಲ್ಲ. ಬಿಲ್‌ನಲ್ಲಿ ಸೇರಿರುವ ಮರುಪಾವತಿಯನ್ನು ಟಿಡಿಎಸ್ ಲೆಕ್ಕದಿಂದ ಕಳೆಯುವಂತಿಲ್ಲ ಎಂದು ನೇರ ತೆರಿಗೆ ಮಂಡಳಿಯ 715ನೇ ಸುತ್ತೋಲೆ 1995ರಲ್ಲೇ ಹೇಳಿದೆ. ಟಿಡಿಎಸ್ ಹಿಡಿಯಬಾರದ್ದು ಬಿಲ್‌ನಲ್ಲಿ ಬೇರೆಯಾಗಿ ತೋರಿಸಿದ ಜಿಎಸ್‌ಟಿ ಮೊತ್ತದ ಮೇಲೆ ಮಾತ್ರ. 2%ರಂತೆ 9,000ಕ್ಕೆ 180 ರೂ. ಹೋಗಿದೆ, ಆದಾಯ ತೆರಿಗೆ ಪೋರ್ಟಲ್‌ನ ತೆರಿಗೆ ಜಮೆ ಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಿ. ಜಗಳವಾಡುವಷ್ಟು ದೊಡ್ಡ ಮೊತ್ತವಲ್ಲ.

ನಿಜವಾದ ತಕರಾರು ಹುಟ್ಟುವುದು ಗಿರಾಕಿ ಕೊಡುವ ಪರ್ಚೇಸ್ ಆರ್ಡರ್‌ನಲ್ಲಿ (ಪಿಒ). ‘ಪ್ರಯಾಣ ಪ್ರತ್ಯೇಕ’ ಎಂದು ಒಂದು ಮಾತು ಬರೆದರೆ ಸಾಲದು. ಪ್ರಯಾಣಕ್ಕೆ ಬೇರೆ ಸಾಲು, ಅದರಲ್ಲಿ ಗರಿಷ್ಠ ಮೊತ್ತ, ‘ಜೊತೆಗೆ ಜಿಎಸ್‌ಟಿ’ ಎಂಬ ಮಾತು, ಟಿಕೆಟ್‌ನ ದರ್ಜೆ, ಊಟಕ್ಕೆ ದಿನದ ಮೊತ್ತ ಎಲ್ಲ ಇರಲಿ. ಆ ಸಾಲಿಲ್ಲದಿದ್ದರೆ ಎಂಜಿನಿಯರ್ ಸಹಿ ಹಾಕಿದರೂ ಅಕೌಂಟ್ಸ್‌ನವರ ಸಿಸ್ಟಮ್ ಬಿಲ್ ತೆಗೆದುಕೊಳ್ಳುವುದಿಲ್ಲ. ಟಿಕೆಟ್, ರೂಮು ಗಿರಾಕಿಯೇ ಬುಕ್ ಮಾಡಲಿ ಎನ್ನುವುದಾದರೆ ತಲೆನೋವು ಕಡಿಮೆ. ಆದರೆ ಅದು ಗಿರಾಕಿಯದೇ ಹೊಣೆ ಎಂದು ಕರಾರಿನಲ್ಲಿ ಇರಬೇಕು. ನಿಮ್ಮ ಹೊಣೆಯ ಖರ್ಚನ್ನು ಅವರು ಕೊಟ್ಟರೆ ಅದೂ ನಿಮ್ಮ ಸೇವೆಯ ಬೆಲೆಗೇ ಸೇರುತ್ತದೆ.

ಪ್ರಶ್ನೆ: ತುಮಕೂರಿನಂಥ ಹತ್ತಿರದ ಊರಿಗೆ ಸ್ವಂತ ಕಾರಿನಲ್ಲಿ ಹೋದರೆ ಕಿಲೋಮೀಟರಿಗೆ ಎಷ್ಟು ಹಾಕಬಹುದು?

ಉತ್ತರ: ಕಾನೂನು ಗೊತ್ತುಮಾಡಿದ ದರವಿಲ್ಲ. ಪೆಟ್ರೋಲ್ ಒಂದನ್ನೇ ಎಣಿಸಿ 7 ರೂ. ಹೇಳುವವರು ಸವೆತ ಮರೆತಿರುತ್ತಾರೆ. ಲೀಟರಿಗೆ 100 ರೂ., 15 ಕಿ.ಮೀ. ಮೈಲೇಜ್ ಹಿಡಿದರೆ 6.70 ರೂ. ಎಂಟು ಲಕ್ಷದ ಕಾರು 75,000 ಕಿ.ಮೀ. ಓಡಿ ಮೂರು ಲಕ್ಷಕ್ಕೆ ಮಾರಿದರೆ ಕಿ.ಮೀ.ಗೆ ಇನ್ನೂ 6.70. ವರ್ಷಕ್ಕೆ 15,000 ಕಿ.ಮೀ. ಓಡುವ ಕಾರಿನ ವಿಮೆ, ಸರ್ವಿಸ್, ಟೈರಿಗೆ 35,000 ರೂ. ಎಂದರೆ 2.30. ಎಲ್ಲ ಸೇರಿ 15.70, 16 ರೂ. ಕೇಳುವುದು ನ್ಯಾಯ. ಪೀಣ್ಯದಿಂದ ತುಮಕೂರಿಗೆ ಹೋಗಿ ಬರಲು ಸುಮಾರು 120 ಕಿ.ಮೀ. ಆದರೆ 1,920 ರೂ., ಟೋಲ್ ಬೇರೆ.

ಕಾರು ಡೈರೆಕ್ಟರ್ ಹೆಸರಿನಲ್ಲಿದ್ದರೆ ಕಂಪನಿ ಅವರಿಗೆ ಕೊಡುವ ದುಡ್ಡಿಗೆ ಲಾಗ್ ಶೀಟ್ ಬೇಕು: ತಾರೀಖು, ಹೊರಟಾಗ ಮತ್ತು ಬಂದಾಗಿನ ಮೀಟರ್ ರೀಡಿಂಗ್, ಗಿರಾಕಿ, ಜಾಬ್ ನಂಬರ್. ಫಾಸ್ಟ್‌ಟ್ಯಾಗ್ ಸ್ಟೇಟ್‌ಮೆಂಟ್ ಅದಕ್ಕೆ ಒಳ್ಳೆಯ ಸಾಕ್ಷಿ. ಪಾರ್ಕಿಂಗ್ ಚೀಟಿ, ಹೋಟೆಲ್ ಬಿಲ್ ಥರ್ಮಲ್ ಕಾಗದದ್ದಾದರೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸುತ್ತದೆ. ಅವತ್ತೇ ಫೋಟೊ ತೆಗೆದಿಡಿ.

ಪ್ರಶ್ನೆ: ಟಿಕೆಟ್ ಬುಕ್ ಆದಮೇಲೆ ಗಿರಾಕಿ ‘ಮುಂದಿನ ವಾರ ಬನ್ನಿ’ ಅಂದರೆ?

ಉತ್ತರ: ರದ್ದತಿ ಶುಲ್ಕ ಅವರದೇ, ಆದರೆ ಪಿಒದಲ್ಲಿ ಬರೆದಿದ್ದರೆ ಮಾತ್ರ ಸುಲಭವಾಗಿ ಸಿಗುತ್ತದೆ. ಎರಡು ದಿನ ಮೊದಲು ತಿಳಿಸದಿದ್ದರೆ ರದ್ದತಿ ಶುಲ್ಕದ ಜೊತೆ ಅರ್ಧ ದಿನದ ದರ ಎಂದು ಸೇರಿಸಿ. ಮುಂದೂಡಿದ್ದನ್ನು ಫೋನಿನಲ್ಲಿ ಹೇಳಿದರೆ ಆ ಕೂಡಲೇ ನೀವೇ ಒಂದು ಮೇಲ್ ಹಾಕಿ, ಬಿಲ್ ಜೊತೆ ಅದನ್ನೂ ಲಗತ್ತಿಸಿ.