ಕಾನೂನು ಕಟ್ಟೆ: ವೈಟ್‌ನರ್ ಬಳಿದ ಪದ

ಪ್ರಶ್ನೆ: ಮೇಡಂ, ನಾನು ನಿವೃತ್ತ ಮೇಷ್ಟ್ರು. ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿ ಗುಂಪುಕಟ್ಟಿಕೊಂಡು ಹೆಣ್ಣುಮಕ್ಕಳನ್ನು ಹಾಳುಮಾಡಿದವರ ಬಗ್ಗೆ ರಾಷ್ಟ್ರಮಟ್ಟದ ತನಿಖೆ ಬೇಕೋ ಬೇಡವೋ ಅಂತ ಪಾರ್ಲಿಮೆಂಟಿನಲ್ಲಿ ಜಗಳವಾಯಿತಲ್ಲ, ಅದೀಗ ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿದೆ. ‘ಒಂದು ಸಮುದಾಯವನ್ನು ಕಾಪಾಡಲು ಮುಚ್ಚಿಟ್ಟರು’ ಅಂತ ನನ್ನ ತಮ್ಮ, ‘ಎಲ್ಲ ಎಲಾನ್ ಮಸ್ಕ್ ಎಬ್ಬಿಸಿದ ಗದ್ದಲ’ ಅಂತ ಅಳಿಯ. ಇಬ್ಬರೂ ಮಾತು ಬಿಟ್ಟಿದ್ದಾರೆ. ಯಾವುದು ನಿಜ?
– ಓದುಗರು, ಆಲೂರು

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಪತ್ರಕ್ಕೇ ಒಂದು ಕೆಂಪು ಗೀಟು ಹಾಕುತ್ತೇನೆ, ಬೇಜಾರಾಗಬೇಡಿ. ಆ ಮಕ್ಕಳು ‘ಹಾಳಾಗಿಲ್ಲ’. ಅವರ ಮೇಲೆ ಅತ್ಯಾಚಾರವಾಗಿದೆ.

ಮಸ್ಕ್ ಗದ್ದಲ ಎಬ್ಬಿಸಿದ್ದು 2025ರ ಜನವರಿಯಲ್ಲಿ. ರಾದರ್‌ಹ್ಯಾಮ್ ಎಂಬ ಊರಿನ ವರದಿ ಬಂದದ್ದು 2014ರಲ್ಲೇ. 1997ರಿಂದ 2013ರೊಳಗೆ ಅಲ್ಲಿ ಲೈಂಗಿಕ ದೌರ್ಜನ್ಯಕ್ಕೊಳಗಾದವರು ಕಡಿಮೆಯೆಂದರೂ 1,400 ಮಕ್ಕಳು ಅಂತ ಬರೆದವರು ಪ್ರೊಫೆಸರ್ ಅಲೆಕ್ಸಿಸ್ ಜೇ. ಮುಂದೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ನಡೆದ ದೇಶದ ದೊಡ್ಡ ತನಿಖೆಗೂ ಅವರೇ ಅಧ್ಯಕ್ಷರಾದರು (ಅವರಿಗಿಂತ ಮುಂಚೆ ಮೂವರು ಆ ಕುರ್ಚಿ ಬಿಟ್ಟು ಎದ್ದುಹೋಗಿದ್ದರು). 2022ರಲ್ಲಿ 20 ಶಿಫಾರಸು ಕೊಟ್ಟರು. ಆಗ ಅಧಿಕಾರದಲ್ಲಿದ್ದದ್ದು ಕನ್ಸರ್ವೇಟಿವ್ ಪಕ್ಷ. ಒಂದೂ ಪೂರ್ತಿ ಜಾರಿಯಾಗಲಿಲ್ಲ. ವಿರೋಧಪಕ್ಷಕ್ಕೆ ಬಂದಮೇಲೆ ಹೊಸ ತನಿಖೆ ಬೇಕೆಂದು ಮೇಜು ಗುದ್ದಿದ್ದೂ ಅದೇ ಪಕ್ಷ. ಅಧಿಕಾರಕ್ಕೆ ಬಂದಿದ್ದ ಲೇಬರ್ ಪಕ್ಷ 2025ರ ಜನವರಿಯಲ್ಲಿ 364–111 ಮತಗಳಿಂದ ಬೇಡ ಅಂದಿತು, ಜೂನ್‌ನಲ್ಲಿ ಪ್ರಧಾನಿ ಸ್ಟಾರ್ಮರ್ ಬೇಕು ಅಂದರು. ನಡುವೆ ಬಂದದ್ದು ಸರ್ಕಾರವೇ ನೇಮಿಸಿದ್ದ ಲೂಯಿಸ್ ಕೇಸಿ ಅವರ ಪರಿಶೀಲನಾ ವರದಿ.

ಈ ಕೇಸಿ ಹಿಂದೊಮ್ಮೆ ಹಳೆಯ ಕಡತ ತಿರುವುವಾಗ, ಒಂದು ಮಗುವಿನ ಫೈಲಿನಲ್ಲಿ ‘ಪಾಕಿಸ್ತಾನಿ’ ಎಂಬ ಪದದ ಮೇಲೆ ವೈಟ್‌ನರ್ ಬಳಿದಿತ್ತಂತೆ. ಹಾಸನದ ಕೋರ್ಟಿನಲ್ಲಿ ಮೂವತ್ತು ವರ್ಷ ಕಡತ ಓದಿದವಳು ನಾನು. ಹೇಳಿಕೆಯಲ್ಲಿ ತಪ್ಪಿದ್ದರೆ ಒಂದು ಗೀಟು ಎಳೆದು ಪಕ್ಕಕ್ಕೆ ಸಹಿ ಹಾಕಬೇಕು, ಹಳೆಯ ಪದ ಓದಲು ಬರಬೇಕು. ವೈಟ್‌ನರ್ ಬಾಟಲಿಗೆ ಕೈಹಾಕಿದ ಗುಮಾಸ್ತನಿಗೆ ಏನೋ ಅಳುಕು ಇದೆ ಅಂತಲೇ ಲೆಕ್ಕ. ಇಂಗ್ಲೆಂಡಿನ ಆ ಕಡತದಲ್ಲಿ ಇದ್ದದ್ದು ಜನಾಂಗದ್ವೇಷಿ ಅನ್ನಿಸಿಕೊಂಡೇನು ಎಂಬ ಅಳುಕು. ಅಷ್ಟರಮಟ್ಟಿಗೆ ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ. ಮೂರು ಪೊಲೀಸ್ ವಲಯಗಳ ಲೆಕ್ಕದಲ್ಲಿ ಏಷ್ಯನ್ ಮೂಲದ ಗಂಡಸರ ಪಾಲು ಹೆಚ್ಚಿರುವುದೂ ಕೇಸಿಗೆ ಕಂಡಿದೆ. ಆದರೆ ದೇಶದಲ್ಲಿ ಮೂರರಲ್ಲಿ ಎರಡು ಪಾಲು ದುಷ್ಕರ್ಮಿಗಳ ಜನಾಂಗ ಬರೆದೇ ಇಲ್ಲ. ‘ಎಲ್ಲರೂ ಅವರೇ’ ಅನ್ನುವವರ ಕೈಯಲ್ಲೂ ಲೆಕ್ಕವಿಲ್ಲ, ‘ಅವರಲ್ಲವೇ ಅಲ್ಲ’ ಅನ್ನುವವರ ಕೈಯಲ್ಲೂ ಇಲ್ಲ.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. 13ರಿಂದ 15 ವರ್ಷದ ಮಕ್ಕಳ ಎಷ್ಟೋ ಪ್ರಕರಣಗಳಲ್ಲಿ ‘ಅವನ ಮೇಲೆ ಪ್ರೀತಿ ಇತ್ತು, ಒಪ್ಪಿಗೆ ಇತ್ತು’ ಅಂತ ಅತ್ಯಾಚಾರದ ಆರೋಪವನ್ನೇ ಕೈಬಿಟ್ಟಿದ್ದರು ಅಥವಾ ತಗ್ಗಿಸಿದ್ದರು. ಇದನ್ನು ನಿಮ್ಮ ಗ್ರೂಪಿನಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದರೇ?

ಪಕ್ಷಗಳ ಜಗಳದಲ್ಲಿ ಸಂತ್ರಸ್ತೆಯರನ್ನೇ ಮರೆಯುವುದು ನಮಗೂ ಹೊಸದಲ್ಲ. 2024ರ ಚುನಾವಣೆ ಹೊತ್ತಿನಲ್ಲಿ ಹಾಸನದಲ್ಲಿ ಹರಿದಾಡಿದ, ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್ ನೆನಪಿದೆಯಲ್ಲ. ಅವರು ವಯಸ್ಕ ಹೆಂಗಸರು, ಪ್ರಕರಣವೇ ಬೇರೆ, ಒಪ್ಪಿದೆ. ಎನ್.ಆರ್. ಸರ್ಕಲ್ ಹತ್ತಿರ ಟೀ ಕುಡಿಯುತ್ತಾ ಯಾವ ಪಕ್ಷಕ್ಕೆ ಎಷ್ಟು ಓಟು ಹೋಯಿತೆಂದು ಲೆಕ್ಕ ಹಾಕುತ್ತಿದ್ದವರ ಮೊಬೈಲಿನಲ್ಲೇ ಮುಖ ಮಸುಕು ಮಾಡದ ಆ ವಿಡಿಯೊ ಓಡುತ್ತಿತ್ತು. ನಾನು ಕಣ್ಣಾರೆ ಕಂಡೆ. ಇಂಗ್ಲೆಂಡಿನಲ್ಲೂ 2025ರ ಅಕ್ಟೋಬರಿನಲ್ಲಿ ಕೆಲವು ಸಂತ್ರಸ್ತೆಯರು ತನಿಖೆಯ ಸಲಹಾ ಸಮಿತಿಯಿಂದಲೇ ಹೊರನಡೆದರು. ಡಿಸೆಂಬರಿನಲ್ಲಿ ಆನ್ ಲಾಂಗ್‌ಫೀಲ್ಡ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದಾರೆ, ಮೂರು ವರ್ಷದ ಗಡುವು. ಅಲ್ಲಿಯವರೆಗಾದರೂ ತಮ್ಮನಿಗೂ ಅಳಿಯನಿಗೂ ಮತ್ತೆ ಮಾತಾಡಿಕೊಳ್ಳಿ ಅನ್ನಿ.

ಪ್ರಶ್ನೆ: ಮಗು ಏನಾದರೂ ಹೇಳಿಕೊಂಡರೆ, ನಿಜವೋ ಅಂತ ನಾವೇ ವಿಚಾರಿಸಿ ಆಮೇಲೆ ದೂರು ಕೊಡಬಹುದೇ?
– ಶಿಕ್ಷಕಿ, ಕಡೂರು

ಉತ್ತರ: ಬೇಡಮ್ಮ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಕೂಡಲೇ ಪೊಲೀಸರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು; ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ನನ್ನ ಒಂದು ಕೇಸಿನಲ್ಲಿ ಹುಡುಗಿ ಮೊದಲು ಹೇಳಿದ್ದು ಬಿಸಿಯೂಟದ ಅಕ್ಕನಿಗೆ. ಆಕೆ ಕೈ ಒರೆಸಿಕೊಂಡು ನೇರ ಹೆಡ್‌ಮಾಸ್ಟರ ಹತ್ತಿರ ಹೋದಳು. ಅವರು ಒಂದು ಚೀಟಿಯಲ್ಲಿ ಬರೆದುಕೊಂಡು ಹಾಜರಿ ಪುಸ್ತಕದೊಳಗಿಟ್ಟರು, ಹನ್ನೊಂದು ದಿನ. ಪಾಟೀಸವಾಲಿನಲ್ಲಿ ‘ಖಚಿತ ಮಾಡಿಕೊಳ್ಳುತ್ತಿದ್ದೆ’ ಅಂದರು.

ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಿ, ತಾರೀಖು ಹಾಕಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹೇಳಿಕೆ ತೆಗೆದುಕೊಳ್ಳುವ ಪೊಲೀಸರು ಯೂನಿಫಾರಂನಲ್ಲಿ ಇರುವಂತಿಲ್ಲ. ಹಾಗೇನಾದರೂ ಬಂದರೆ ‘24ನೇ ಸೆಕ್ಷನ್’ ಅಂತ ಹೇಳಿ ನೋಡಿ, ಅವರಿಗೆ ಗೊತ್ತಿರುತ್ತೆ.