‘ಯೂಸ್ಡ್ ಟು’ ಎಲ್ಲಿ ಹೇಳಬೇಕು? ಇಂಟರ್‌ವ್ಯೂಗೆ ಯಾವ ಫಾರ್ಮುಲಾ ಬಾಯಿಪಾಠ ಮಾಡಲಿ?

ನೀವು ಬೀದರ್‌ನಲ್ಲಿ ಬಿ.ಕಾಂ. ಮುಗಿಸಿದ್ದೀರಿ, ಪಾರ್ಟ್ ಟೈಮ್ ಲೆಕ್ಕ ಬರೀತೀರಿ, ಹೈದರಾಬಾದ್‌ನಲ್ಲಿ ಇಂಟರ್‌ವ್ಯೂ ಇದೆ. ‘ಯೂಸ್ಡ್ ಟು’, ‘ಬಿ ಯೂಸ್ಡ್ ಟು’, ‘ಗೆಟ್ ಯೂಸ್ಡ್ ಟು’ ಮೂರಕ್ಕೂ ಫಾರ್ಮುಲಾ ಬೇಕು, ‘ವುಡ್’ ಬಗ್ಗೆಯೂ ಹೇಳಿ ಅಂದಿದ್ದೀರಿ. ಫಾರ್ಮುಲಾ ಬಿಡಿ. ನನಗೆ ಫಾರ್ಮುಲಾ ನಿದ್ದೆಯಲ್ಲೂ ಬರ್ತಿತ್ತು. ಆದರೂ ಇದೇ ‘ಯೂಸ್ಡ್ ಟು’ ನನ್ನ ಒಂದು ಕೆಲಸ ಕಳೆದಿದೆ.

ಆಗ ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ನೋಡಿಕೊಳ್ತಿದ್ದೆ. ಗಂಜಿನಿಂದ, ಅಂದರೆ ಧಾನ್ಯದ ಮಾರುಕಟ್ಟೆಯಿಂದ, ತೊಗರಿ ಬರ್ತಿತ್ತು. ತೂಕದ ಚೀಟಿ, ಹಮಾಲಿ, ಅಡತಿ ಅಂಗಡಿಯವರ ಪಟ್ಟಿ, ಎಲ್ಲ ಟ್ಯಾಲಿಗೆ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಹಾಕಬೇಕು. ಪ್ರತಿ ತಿಂಗಳು 20ರೊಳಗೆ ಜಿಎಸ್‌ಟಿಆರ್-3ಬಿ ಅನ್ನೋ ಜಿಎಸ್‌ಟಿ ರಿಟರ್ನ್ ತುಂಬಬೇಕು. ಕೆಲಸದಲ್ಲಿ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಭಯ ಇದ್ದದ್ದು ಇಂಗ್ಲಿಷಿಗೆ ಮಾತ್ರ. ಅದಕ್ಕೇ ಊರಲ್ಲಿ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಸೇರಿದೆ. ಅಲ್ಲಿ ಸರ್ ಬೋರ್ಡ್ ಮೇಲೆ ಬರೆದರು: ‘ರೂಢಿ ಹೇಳಲು ಯೂಸ್ಡ್ ಟು.’ ಮುಂದಿನ ಪಾಠಕ್ಕೆ ಹೋದರು. ಈಗಿನ ರೂಢಿಯೋ ಹಿಂದಿನ ರೂಢಿಯೋ ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಆಮೇಲೆ ಬೇರೆ ಕೆಲಸಕ್ಕೆ ಇಂಟರ್‌ವ್ಯೂಗೆ ಹೋದೆ. ಇಂಟರ್‌ವ್ಯೂ ಮಾಡಿದ ಮೇಡಂ ಒಳ್ಳೆಯವರೇ. ಈಗ ಏನೇನು ಕೆಲಸ ಮಾಡ್ತೀರಿ ಅಂತ ಕೇಳಿದರು. ‘ಐ ಯೂಸ್ಡ್ ಟು ಫೈಲ್ ಜಿಎಸ್‌ಟಿ ರಿಟರ್ನ್ಸ್ ಎವ್ರಿ ಮಂತ್’ ಅಂದೆ. ‘ಐ ಯೂಸ್ಡ್ ಟು ಡೂ ಆಲ್ ಎಂಟ್ರೀಸ್ ಇನ್ ಟ್ಯಾಲಿ’ ಅಂದೆ. ‘ಐ ಯೂಸ್ಡ್ ಟು ಹ್ಯಾಂಡಲ್ ಪೇಮೆಂಟ್ಸ್’ ಅಂತಲೂ ಸೇರಿಸಿದೆ. ಕಿವಿಗೆ ಚಲೋ ಕೇಳ್ತದೆ ಅಂತ ವಾಕ್ಯಕ್ಕೊಂದು ಹಾಕಿದೆ. ಅವರು ನನ್ನ ರೆಸ್ಯೂಮೆಯಲ್ಲಿ ‘ಟಿಲ್ ಡೇಟ್’ ಅನ್ನೋ ಜಾಗಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದರು. ‘ಹಾಗಾದ್ರೆ ಈಗ ಅದನ್ನೆಲ್ಲ ಯಾರು ಮಾಡ್ತಾರೆ?’ ಅಂತ ಇಂಗ್ಲಿಷಿನಲ್ಲೇ ಕೇಳಿದರು. ‘ಮೀ ಓನ್ಲಿ, ಮೇಡಂ.’ ‘ಬಟ್ ಯು ಸೆಡ್ ಯು ಯೂಸ್ಡ್ ಟು.’ ‘ಯೆಸ್ ಮೇಡಂ! ಎವ್ರಿ ಮಂತ್!’ ಅಂದೆ, ಪೂರ್ತಿ ಧೈರ್ಯದಿಂದ. ಅವರು ಮತ್ತೇನೂ ಕೇಳಲಿಲ್ಲ. ಇಂಟರ್‌ವ್ಯೂ ಇಷ್ಟು ಸಲೀಸಾ ಅಂದುಕೊಂಡು ಹೊರಗೆ ಬಂದೆ.

ಮರುವಾರ, ನನ್ನನ್ನು ಅಲ್ಲಿಗೆ ಕಳಿಸಿದ್ದ ಜಾಬ್ ಕನ್ಸಲ್ಟೆನ್ಸಿ ಹುಡುಗ ಫೋನ್ ಮಾಡಿ ಬೈದ. ‘ಕೆಲಸ ಬಿಟ್ಟಿದ್ರೆ ರೆಸ್ಯೂಮೆಯಲ್ಲಿ ಈಗಲೂ ಮಾಡ್ತಿದ್ದೀನಿ ಅಂತ ಯಾಕೆ ಬರೆದ್ರಿ? ಸುಳ್ಳು ಹೇಳ್ತಾರೆ ಅಂತ ಷರಾ ಬರೆದಿದ್ದಾರೆ.’ ನಾನು ಆಗ ಮಿಲ್ಲಿನಲ್ಲೇ ಕೂತು ಅದೇ ತಿಂಗಳ ರಿಟರ್ನ್ ತುಂಬ್ತಿದ್ದೆ ಕಣ್ರೀ.

ನಾನು ಹೇಳಬೇಕಾಗಿದ್ದದ್ದು ‘ಐ ಫೈಲ್ ಜಿಎಸ್‌ಟಿ ರಿಟರ್ನ್ಸ್ ಎವ್ರಿ ಮಂತ್.’ ಬರೀ ‘ಫೈಲ್’. ಅಷ್ಟೇ. ‘ಯೂಸ್ಡ್ ಟು’ ಹಾಕಿದ ಕೂಡಲೇ ‘ಮೊದಲು ತುಂಬ್ತಿದ್ದೆ, ಈಗ ಇಲ್ಲ’ ಅಂತ ಆಗುತ್ತದೆ. ‘ಎವ್ರಿ ಮಂತ್’ ಸೇರಿಸಿದರೂ ಉಳಿಯಲ್ಲ, ‘ಮೊದಲು ತಿಂಗಳಿಗೊಮ್ಮೆ ತುಂಬ್ತಿದ್ದೆ, ಈಗ ಇಲ್ಲ’ ಅಂತಾಗುತ್ತದೆ. ‘ಡ’ ತೆಗೆದು ‘ಐ ಯೂಸ್ ಟು ಫೈಲ್’ ಅಂದರೆ ವರ್ತಮಾನ ಆಗುತ್ತಲ್ಲ ಅಂತ ನನ್ನ ಗೆಳೆಯ ವಾದ ಮಾಡಿದ್ದ. ಆಗಲ್ಲ. ಈ ಅರ್ಥಕ್ಕೆ ಇಂಗ್ಲಿಷಿನಲ್ಲಿ ವರ್ತಮಾನ ರೂಪವೇ ಇಲ್ಲ. ಮೇಲಾಗಿ ಮಾತಾಡುವಾಗ ಎರಡೂ ‘ಯೂಸ್‌ಟು’ ಅಂತಲೇ ಕೇಳುತ್ತವೆ. ನೀವು ‘ಡ’ ನುಂಗಿದ್ದು ಎದುರಿನವರಿಗೆ ಗೊತ್ತೇ ಆಗಲ್ಲ, ಅವರು ಹಿಂದಿನದ್ದು ಅಂತಲೇ ತಿಳೀತಾರೆ.

ಈ ತಪ್ಪು ನಮ್ಮ ಕಡೆ ಇಷ್ಟು ಜಾಸ್ತಿ ಯಾಕೆ? ಬರೀ ಆ ಸರ್ ಮೇಲೆ ಹಾಕಿದರೆ ಅನ್ಯಾಯ. ನಾವು ‘ಮಾಡ್ತೀನಿ’ ಅನ್ನೋದಷ್ಟೇ ಅಲ್ಲ, ‘ಮಾಡ್ತಿರ್ತೀನಿ’ ಅಂತಲೂ ಅಂತೀವಿ. ‘ನಾನು ಗಂಜಿಗೆ ಹೋಗ್ತಿರ್ತೀನಿ.’ ಅದರಲ್ಲಿ ಒಂದು ತೂಕ ಇದೆ, ಆಗಾಗ ನಡೆಯುವ ಕೆಲಸ ಅನ್ನೋದು ಅದರಲ್ಲೇ ಇದೆ. ಅದನ್ನು ಇಂಗ್ಲಿಷಿಗೆ ತರೋಕೆ ಹೋದರೆ ‘ಐ ಗೋ’ ಅನ್ನೋದು ತೀರಾ ತೆಳ್ಳಗೆ ಕಾಣುತ್ತದೆ, ಏನೋ ಬಿಟ್ಟುಹೋದ ಹಾಗೆ. ಆ ಖಾಲಿ ಜಾಗಕ್ಕೆ ನಾವು ‘ಯೂಸ್ಡ್ ಟು’ ತುರುಕ್ತೀವಿ. ಏನೂ ಬಿಟ್ಟುಹೋಗಿಲ್ಲ. ‘ಐ ಗೋ’ ಸಾಕು. ಮನಸ್ಸು ಕೇಳದಿದ್ದರೆ ‘ಯೂಶುವಲಿ’ ಅಥವಾ ‘ಆಫನ್’ ಹಾಕಿ.

ಹಾಗಾಗಿ ಇದು ಟೆನ್ಸ್ ಟೇಬಲ್ ಬಾಯಿಪಾಠ ಮಾಡಿದರೆ ಬರುತ್ತೆ ಅನ್ನೋ ನಿಮ್ಮ ಲೆಕ್ಕವನ್ನೇ ನಾನು ಒಪ್ಪಲ್ಲ. ವಾಕ್ಯದ ಕೊನೆಗೆ ‘ಈಗ ಇಲ್ಲ’ ಅಂತ ಸೇರಿಸಿ ನೋಡಿ. ಕೂತರೆ ‘ಯೂಸ್ಡ್ ಟು’, ಕೂರದಿದ್ದರೆ ಬೇಡ. ಅದಕ್ಕೆ ನಮ್ಮ ಊರಿಗಿಂತ ಒಳ್ಳೆ ಪಾಠ ಸಿಗಲ್ಲ. ‘ಕಲಬುರಗಿ ಯೂಸ್ಡ್ ಟು ಬಿ ಕಾಲ್ಡ್ ಗುಲ್ಬರ್ಗಾ.’ 2014ರ ನವೆಂಬರ್ 1ಕ್ಕೆ ಸರ್ಕಾರ ಹೆಸರು ಬದಲಿಸಿತು. ಆದರೆ ಇವತ್ತಿಗೂ ಎಷ್ಟೋ ಜನ ಗುಲ್ಬರ್ಗಾ ಅಂತಲೇ ಅಂತಾರೆ. ಅವರ ಬಗ್ಗೆ ಹೇಳುವಾಗ ‘ಮೆನಿ ಪೀಪಲ್ ಸ್ಟಿಲ್ ಕಾಲ್ ಇಟ್ ಗುಲ್ಬರ್ಗಾ’ ಅನ್ನಬೇಕು. ನಿಂತ ಮಾತು, ನಡೀತಿರೋ ಮಾತು ಎರಡೂ ಒಂದೇ ಊರಲ್ಲಿ ಸಿಕ್ಕವಲ್ವಾ? ‘ಗುಲ್ಬರ್ಗಾ ಯೂಸ್ಡ್ ಟು ಬಿ ದ ಬಹಮನಿ ಕ್ಯಾಪಿಟಲ್.’ ಹದಿನೈದನೇ ಶತಮಾನದಲ್ಲಿ ರಾಜಧಾನಿ ನಿಮ್ಮ ಬೀದರ್‌ಗೆ ಬಂತು, ಆ ಹೊಟ್ಟೆಕಿಚ್ಚು ನಮಗೆ ಇನ್ನೂ ಇದೆ! ‘ಇಲ್ಲ’ ಅನ್ನೋ ವಾಕ್ಯ ಬೇಕಾ? ‘ದೇರ್ ಡಿಡಂಟ್ ಯೂಸ್ ಟು ಬಿ ಆನ್ ಏರ್‌ಪೋರ್ಟ್ ಇನ್ ಕಲಬುರಗಿ.’ ಇಲ್ಲಿ ‘ಈಗ ಇಲ್ಲ’ ಬದಲು ‘ಈಗ ಇದೆ’ ಅಂತ ಸೇರಿಸಿ ನೋಡಿ, ಏರ್‌ಪೋರ್ಟ್ 2019ರ ನವೆಂಬರ್‌ನಲ್ಲಿ ಶುರುವಾಯಿತು. ‘ಡಿಡಂಟ್’ ಬಂದಾಗ ಬರೆಯುವಾಗ ‘ಡ’ ಬಿಡಬೇಕು. ‘ಡ’ ಬಿಡೋಕೆ ನಿಮಗೆ ಪರವಾನಗಿ ಇರೋದು ಇಲ್ಲಿ, ಮತ್ತೆ ‘ಡಿಡ್ ಯು ಯೂಸ್ ಟು’ ಅಂತ ಪ್ರಶ್ನೆ ಕೇಳುವಾಗ.

ಇಂಟರ್‌ವ್ಯೂ ಅಂದಿರಲ್ಲ, ಇನ್ನೊಂದು ಗಮನದಲ್ಲಿರಲಿ. ಎಷ್ಟು ವರ್ಷ, ಎಷ್ಟು ಸಲ ಅಂತ ಲೆಕ್ಕ ಬಂದ ಕಡೆ ‘ಯೂಸ್ಡ್ ಟು’ ಬರಲ್ಲ. ‘ಐ ಯೂಸ್ಡ್ ಟು ವರ್ಕ್ ದೇರ್ ಫಾರ್ ಟೂ ಇಯರ್ಸ್’ ಅನ್ನಬೇಡಿ. ‘ಐ ವರ್ಕ್ಡ್ ದೇರ್ ಫಾರ್ ಟೂ ಇಯರ್ಸ್.’ ಬಿಟ್ಟ ಕೆಲಸ ಆದರೂ ಹೀಗೇ.

‘ಬಿ ಯೂಸ್ಡ್ ಟು’ ಬೇರೆ ಮನೆಯದ್ದು. ಹೆಸರು ಒಂದೇ ಅಂತ ಒಟ್ಟಿಗೆ ಕಲೀಬೇಡಿ, ಗೊಂದಲ ಹುಟ್ಟೋದೇ ಅಲ್ಲಿ. ‘ಯೂಸ್ಡ್ ಟು’ಗಿಂತ ಮೊದಲು ‘ಆ್ಯಮ್’, ‘ಈಸ್’, ‘ಆರ್’ ಬಂದರೆ ರೂಢಿ ಆಗಿಬಿಟ್ಟಿದೆ, ಅಭ್ಯಾಸ ಬಿದ್ದಿದೆ ಅಂತ. ಗಂಜಿನಲ್ಲಿ ‘ಆದತ್ ಹೋ ಗಯೀ’ ಅಂತಾರಲ್ಲ, ಅದು. ‘ಐ ಆ್ಯಮ್ ಯೂಸ್ಡ್ ಟು ದಿಸ್ ಹೀಟ್.’ ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಲ್ಲಿ ಓಡಾಡುವ ನಮಗೆ ಈ ವಾಕ್ಯ ಯಾರೂ ಕಲಿಸಬೇಕಿಲ್ಲ. ಅದಾದ ಮೇಲೆ ಕ್ರಿಯಾಪದ ಬಂದರೆ ‘ಇಂಗ್’ ಬೇಕು: ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ಲೇಟ್.’ ‘ಯೂಸ್ಡ್ ಟು ವರ್ಕ್ ಲೇಟ್’ ಅಂದರೆ ಮತ್ತೆ ಹಳೇ ಕಥೆ, ಮೊದಲು ತಡವಾಗಿ ಕೂರ್ತಿದ್ದೆ, ಈಗ ಐದಕ್ಕೇ ಎದ್ದು ಹೋಗ್ತೀನಿ ಅಂತಾಗುತ್ತದೆ. ಇಂಟರ್‌ವ್ಯೂನಲ್ಲಿ ಅದನ್ನು ಯಾರಾದರೂ ಹೇಳ್ತಾರಾ?

‘ಗೆಟ್ ಯೂಸ್ಡ್ ಟು’ ಅಂದರೆ ರೂಢಿ ಆಗೋದು. ಹೈದರಾಬಾದ್ ಟ್ರಾಫಿಕ್ ಬಗ್ಗೆ ಕೇಳಿದರೆ ‘ಐ ವಿಲ್ ಗೆಟ್ ಯೂಸ್ಡ್ ಟು ಇಟ್’ ಅನ್ನಿ. ಇದರಲ್ಲಿ ಇದಕ್ಕಿಂತ ಹೆಚ್ಚೇನಿಲ್ಲ.

ಇನ್ನು ‘ವುಡ್’. ಹಿಂದೆ ಮತ್ತೆ ಮತ್ತೆ ಮಾಡ್ತಿದ್ದ ಕೆಲಸಕ್ಕೆ ಅದೂ ನಡೆಯುತ್ತದೆ: ‘ಎವ್ರಿ ಸಮ್ಮರ್ ವಿ ವುಡ್ ಸ್ಲೀಪ್ ಆನ್ ದ ಟೆರೇಸ್.’ ಇದ್ದೆ, ಗೊತ್ತಿತ್ತು, ಇಷ್ಟ ಇತ್ತು ಅನ್ನೋ ತರದ ಮಾತಿಗೆ ನಡೆಯಲ್ಲ. ‘ಐ ವುಡ್ ಲಿವ್ ಇನ್ ಭಾಲ್ಕಿ’ ಅಂದರೆ ಮೊದಲು ಭಾಲ್ಕಿಯಲ್ಲಿದ್ದೆ ಅಂತ ಯಾರಿಗೂ ತಿಳಿಯಲ್ಲ, ‘ಯೂಸ್ಡ್ ಟು ಲಿವ್’ ಅಂತಲೇ ಹೇಳಬೇಕು. ನನ್ನ ಕೇಳಿದರೆ ಇಂಟರ್‌ವ್ಯೂ ಮುಗಿಯೋವರೆಗೆ ‘ವುಡ್’ ತಂಟೆಗೇ ಹೋಗಬೇಡಿ. ಈಗ ಮಾಡುವ ಕೆಲಸಗಳನ್ನು ‘ಐ ಫೈಲ್, ಐ ಚೆಕ್, ಐ ಪೋಸ್ಟ್’ ಅಂತ ಜೋರಾಗಿ ಹೇಳಿ ರೂಢಿ ಮಾಡ್ಕೊಳ್ಳಿ. ಮೊದಮೊದಲು ಚಿಕ್ಕ ಮಕ್ಕಳ ಇಂಗ್ಲಿಷ್ ಅನ್ನಿಸುತ್ತೆ, ಅನ್ನಿಸಲಿ. ಆ ಮೇಡಂ ಮಾತಾಡಿದ್ದೂ ಅದೇ ಇಂಗ್ಲಿಷ್.